ಉಯ್ಯಾಲೆ ಇಳಿಸಿದ ಪ್ರಸಂಗ

ಮಕ್ಕಳ ಕೈಯಿಂದ ಟ್ಯಾಬ್ ಬಿಡಿಸುವುದು ಕಷ್ಟ ಎಂದು ಗೋಳಾಡುವ ತಂದೆ-ತಾಯಂದಿರನ್ನು ಕಂಡರೆ ನನಗೆ ಕನಿಕರವಿತ್ತು. ಒಂದು ಸ್ಪಷ್ಟವಾದ ಕಾನೂನು ಮಾಡಿದರೆ ಮುಗಿಯಿತು. ಬ್ಯಾಂಕಿನಲ್ಲಿ ಇಷ್ಟು ವರ್ಷ ಸುತ್ತೋಲೆ ಹೊರಡಿಸಿದವನಿಗೆ ಎಂಟು ವರ್ಷದ ಮಗಳು ಯಾವ ಲೆಕ್ಕ?

ಹಾಸನದಿಂದ ಅಹಮದಾಬಾದಿನ ವಸ್ತ್ರಾಪುರಕ್ಕೆ ವರ್ಗವಾಗಿ ಬಂದ ಮೇಲೆ ನಮ್ಮ ಅದಿತಿ ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ. ಸಂಜೆ ಕೆಳಗೆ ಮಕ್ಕಳು ಗುಜರಾತಿಯಲ್ಲಿ ಕೂಗಾಡುತ್ತ ಆಡುತ್ತಿದ್ದರೆ ಇವಳು ಟ್ಯಾಬ್ ಹಿಡಿದು ಸೋಫಾದ ಮೂಲೆ ಸೇರುತ್ತಿದ್ದಳು. ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತುವಾಗ ಮಗು ಏದುಸಿರು ಬಿಟ್ಟದ್ದು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಓಟವಿಲ್ಲ, ಆಟವಿಲ್ಲ, ಒಬ್ಬ ಗೆಳತಿಯೂ ಇಲ್ಲ. ಹೀಗೇ ಬಿಡುವಂತಿರಲಿಲ್ಲ.

"ಇನ್ಮೇಲೆ ಕೂತಲ್ಲೇ ಕೂತು ಟ್ಯಾಬ್ ನೋಡೋ ಹಾಗಿಲ್ಲ. ಮೈ ಅಲ್ಲಾಡ್ತಾ ಇದ್ರೆ ಮಾತ್ರ ನೋಡಬಹುದು," ಎಂದು ಘೋಷಿಸಿದೆ.

"ಅಲ್ಲಾಡ್ತಾ ಇದ್ರೆ ಎಷ್ಟು ಹೊತ್ತು ಬೇಕಾದ್ರೂ ನೋಡಬಹುದಾ ಅಪ್ಪ?"

"ಧಾರಾಳವಾಗಿ." ಎಷ್ಟು ಹೊತ್ತು ತಾನೇ ಕುಣಿದಾಳು ಎಂಬುದು ನನ್ನ ಲೆಕ್ಕಾಚಾರ.

ಗುಜರಾತಿನಲ್ಲಿ ಉಯ್ಯಾಲೆ ಇಲ್ಲದ ಮನೆ ಅಪರೂಪ. ನಮ್ಮ ಬಾಡಿಗೆ ಮನೆಯ ಹಾಲಿನಲ್ಲೂ ಹಿತ್ತಾಳೆ ಸರಪಳಿಯ, ತೇಗದ ಹಲಗೆಯ ದೊಡ್ಡದೊಂದು ತೂಗುತ್ತದೆ. ಮರುದಿನ ನಾನು ಬ್ಯಾಂಕಿನಿಂದ ಬಂದಾಗ ಮಗಳು ಅದರ ಮೇಲೆ ದಿಂಬಿಗೊರಗಿ, ಟ್ಯಾಬ್ ಹಿಡಿದು, ಆಗಾಗ ಕಾಲ ಹೆಬ್ಬೆರಳಿನಿಂದ ನೆಲ ಒತ್ತುತ್ತ ಕಾನೂನು ಪಾಲಿಸುತ್ತಿದ್ದಳು. ಸೋಫಾದಲ್ಲಿ ಇಷ್ಟು ಸುಖ ಇರಲಿಲ್ಲ.

"ಸ್ಕೂಲಿಂದ ಬಂದಾಗಿಂದ ಮೈ ಅಲ್ಲಾಡ್ತಾನೇ ಇದೆ ರೀ," ಎಂದಳು ಹೆಂಡತಿ ಸುಮತಿ. "ತಿಂಡಿಗೂ ನಿಲ್ಲಿಸಲಿಲ್ಲ."

ಹೊರಡಿಸಿದ ಕಾನೂನು ಹಿಂತೆಗೆದುಕೊಳ್ಳುವುದು ತಂದೆಯ ಘನತೆಗೆ ತಕ್ಕದ್ದಲ್ಲ. ಉಯ್ಯಾಲೆಯನ್ನೇ ಇಳಿಸಲು ತೀರ್ಮಾನಿಸಿದೆ.

"ಕೆಳಗಡೆ ಓನರ್ ಹನ್ಸಾಬೆನ್‌ಗೆ ಹೇಳಿ, ಯಾರನ್ನಾದ್ರೂ ಕಳಿಸ್ತಾರೆ."

"ನಾಲ್ಕು ಕೊಕ್ಕೆ ಬಿಚ್ಚೋಕೆ ಜನ ಬೇಕೇನೇ?"

ಸುಮತಿ ಅಡುಗೆಮನೆಗೆ ಹೋದಳು, ಅದಿತಿ ಸೋಫಾದಿಂದ ನೋಡುತ್ತಿದ್ದಳು. ಕೊಕ್ಕೆಗಳು ಚಾವಣಿಯಲ್ಲಿದ್ದವು. ಕೈಗೆ ಎಟುಕಲು ಯಾವುದರ ಮೇಲಾದರೂ ಹತ್ತಬೇಕು. ಹತ್ತಲು ಕೊಕ್ಕೆಯ ನೇರ ಕೆಳಗೆ ಒಳ್ಳೆಯ ಗಟ್ಟಿ ಹಲಗೆಯೇ ಇತ್ತು. ಹತ್ತಿದೆ. ನನ್ನ ಭಾರಕ್ಕೆ ಕೊಕ್ಕೆ ಅಲುಗಲಿಲ್ಲ. ಆಗ ಪಕ್ಕದ ಕಿಟಕಿಯ ಗ್ರಿಲ್‌ಗೆ ಜೋತುಬಿದ್ದು, ಮೈಭಾರ ಅತ್ತ ಹಾಕಿ, ಒಂದು ಕೈಯಲ್ಲಿ ಮೊದಲ ಕೊಕ್ಕೆ ಬಿಡಿಸಿಯೇಬಿಟ್ಟೆ. ಗೆದ್ದ ಸಂತೋಷದಲ್ಲಿ ಮತ್ತೆ ಹಲಗೆಯ ಮೇಲೆ ಕಾಲಿಟ್ಟೆ.

ಮುಂದಿನದನ್ನು ನಾನು ನೆಲದ ಮೇಲಿನಿಂದ ಗಮನಿಸಿದೆ. ಸದ್ದಿಗೆ ಹನ್ಸಾಬೆನ್ ಓಡಿ ಬಂದರು, ಅವರ ಹಿಂದೆ ಮೊಮ್ಮಗಳು ಧ್ರುವಿ, ಅವಳ ಹಿಂದೆ ಕೆಳಗೆ ಆಡುತ್ತಿದ್ದ ಮಕ್ಕಳೆಲ್ಲ. ಹನ್ಸಾಬೆನ್ ಮೊದಲು ಹಲಗೆ ಸವರಿ ನೋಡಿದರು. ಆಮೇಲೆ ನನ್ನನ್ನು ನೋಡಿ, "ಉಯ್ಯಾಲೆ ಮೇಲೆ ನಿಂತು ಯಾರಾದ್ರೂ ಉಯ್ಯಾಲೆ ಇಳಿಸ್ತಾರಾ ಭಾಯ್?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಏಳಲು ಹೋದೆ, ಆಗಲಿಲ್ಲ.

ಸೊಂಟ ಉಳುಕಿತ್ತು. ಡಾಕ್ಟರು ಅಲ್ಲಾಡಬಾರದೆಂದರು. ಮಲಗಿದಲ್ಲೇ ಫೋನು ನೋಡುತ್ತ ದಿನ ತಳ್ಳಿದೆ. ಒಂದು ಸಂಜೆ ಹಾಲಿನಲ್ಲಿ ಟ್ಯಾಬ್ ಅನಾಥವಾಗಿ ಬಿದ್ದಿತ್ತು. ಕೆಳಗಿನಿಂದ ಗಲಾಟೆ, ನಗು. ಅದರಲ್ಲಿ ನನ್ನ ಮಗಳ ದನಿಯೂ ಇತ್ತು. ಸುಮತಿ ಕಿಟಕಿಯಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಏನು ಆಡ್ತಿದ್ದಾರೆ?"

"ನಿಮ್ಮನ್ನೇ ರೀ. ಒಬ್ರು ಕಟ್ಟೆ ಹತ್ತಿ ಅಂಕಲ್ ಥರ ಬೀಳಬೇಕು, ಉಳಿದವರು ಹನ್ಸಾಬೆನ್ ಥರ ಓಡಿ ಬರಬೇಕು. ನೀವು ಬಿದ್ದಿದ್ದನ್ನ ಕಣ್ಣಾರೆ ನೋಡಿದವಳು ನಮ್ಮ ಅದಿತಿ ಒಬ್ಬಳೇ ಅಲ್ವಾ, ಎಲ್ರಿಗೂ ಅವಳೇ ಹೇಳ್ಕೊಡ್ತಿದ್ದಾಳೆ."

ಕತ್ತಲಾಗುವ ಹೊತ್ತಿಗೆ ಅದಿತಿ ಬೆವರು ಸುರಿಸುತ್ತ, ಕೆಂಪು ಮುಖ ಹೊತ್ತು ಮೆಟ್ಟಿಲು ಹತ್ತಿ ಓಡಿಬಂದಳು. ನನಗೆ ಕಣ್ಣು ತುಂಬಿತು. ಸೊಂಟದ ನೋವೂ ಸ್ವಲ್ಪ ಮರೆತುಹೋಯಿತು.

"ಸೊಂಟ ಸರಿಹೋಗ್ಲಿ ಪುಟ್ಟಿ, ನಾನೂ ಆಟಕ್ಕೆ ಬರ್ತೀನಿ," ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೇಡ ಅಪ್ಪ. ನಿಂಗಿಂತ ಧ್ರುವಿ ಚೆನ್ನಾಗಿ ಬೀಳ್ತಾಳೆ."