ಎರಡು ತಾಸಿನ ಮಸ್ಕತ್

ಎಲ್ಲಾ ಶುರುವಾದದ್ದು ಒಂದು ಹಳೆಯ ಟಿಕೆಟ್ಟಿನಿಂದ.

ಗಜೇಂದ್ರಗಡದ ನೇಕಾರ ಕಳಕೇಶನ ಹೆಂಡತಿ ಮಧುಮತಿ ಮಗಳ ಬಾಣಂತನಕ್ಕೆಂದು ಮಸ್ಕತ್ತಿಗೆ ಹೋಗಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವವರಿರಲಿಲ್ಲ, ಅವನು ಮಾಡಿದ ಸಾರಿಗೆ ಉಪ್ಪಿಲ್ಲವೆಂದು ಹೆಸರಿಡುವವರೂ ಇರಲಿಲ್ಲ. ಮಾತು ಬೇಕೆನಿಸಿದಾಗ ಕಳಕೇಶ ಮಗ್ಗದ ಲಾಳಿಯ ಜೊತೆ ಜಗಳವಾಡುತ್ತಿದ್ದ.

ಸೋಮವಾರ ಬರಬೇಕಾದವಳು ನಿನ್ನೆ ಫೋನಿನಲ್ಲಿ ರಾಗ ಎಳೆದಿದ್ದಳು. "ಕೂಸಿನ್ನ ಬಿಟ್ಟು ಬರಾಕ ಮನಸ ಒಲ್ಲದು. ದಾರಿ ನೋಡಿದ್ರ ಭಾಳ ದೂರ. ನಾಳಿ ಹನ್ನೆರಡರೊಳಗ ಹೇಳ್ತೇನ್ರಿ." ಈಗ ಬರದಿದ್ದರೆ ಮತ್ತೆ ದೀಪಾವಳಿಗೇ. ದೂರಕ್ಕೆ ಅಂಜಿದ್ದಾಳೆ ಎಂದು ಕಳಕೇಶ ತಾನೇ ತೀರ್ಮಾನಿಸಿಬಿಟ್ಟ.

ಬೆಳಿಗ್ಗೆ ಅವಳು ಹೋದಾಗಿನ ಟಿಕೆಟ್ಟಿನ ಝರಾಕ್ಸ್ ಕೈಗೆ ಸಿಕ್ಕಿತು. ಬೆಂಗಳೂರು ಬಿಡುವುದು ಹತ್ತಕ್ಕೆ, ಮಸ್ಕತ್ ಮುಟ್ಟುವುದು ಹನ್ನೆರಡಕ್ಕೆ! ಕಳಕೇಶ ಮಗ್ಗದ ಕುಣಿಯಿಂದ ನೆಗೆದು ಎದುರಿನ ಕಾಶೀಂಸಾಬನ ನೂಲಿನ ಅಂಗಡಿಗೆ ಓಡಿದ.

"ಎರಡ ತಾಸ! ನಮ್ಮ ಹುಬ್ಬಳ್ಳಿ ಬಸ್ಸಿಗೇ ಮೂರು ಬೇಕು!"

"ಅಲ್ಲೋ, ನಮ್ಮ ಮಗಳು ನಾಹೀದ ಮಸ್ಕತ್ತಿಂದ ಹತ್ತಕ್ಕ ಬಿಟ್ಟು ಬೆಂಗಳೂರಾಗ ಮೂರಕ್ಕ ಇಳದಳು. ಐದು ತಾಸ ಆತಲ್ಲ?" ಎಂದ ಕಾಶೀಂಸಾಬ.

ನೂಲು ಒಯ್ಯಲು ಬಂದಿದ್ದ ನೀಲವ್ವ ತೀರ್ಪು ಕೊಟ್ಟಳು. "ಹೋಗೂದು ಇಳಿಜಾರ, ಬರೂದು ಏರು. ನಮ್ಮ ಗುಡ್ಡ ಹತ್ತಾಕ, ಇಳ್ಯಾಕ ಒಂದ ಹೊತ್ತು ಹಿಡಿತೈತೇನು?"

ಚಹಾ ಕುಡಿಯುತ್ತಿದ್ದ ಶ್ರೀಧರ ಮಾಸ್ತರರು ಕಪ್ಪು ಕೆಳಗಿಟ್ಟರು. "ಅವರ ಗಡಿಯಾರ ನಮ್ಮದಕ್ಕಿಂತ ಒಂದೂವರಿ ತಾಸ ಹಿಂದ ಐತ್ರಿ. ಹೋಗಾಕೂ ಬರಾಕೂ ಮೂರೂವರಿ ತಾಸನ. ದಾರಿ ಎರಡು ಸಾವಿರ ಕಿಲೋಮೀಟರಿನ ಮ್ಯಾಲ."

"ಮಾಸ್ತರ್ರ, ಇವತ್ತೊಂದಿನ ಖರೇ ಹೇಳಬ್ಯಾಡ್ರಿ, ದೂರ ಅಂದ್ರ ಅಕಿ ಬರಂಗಿಲ್ಲ," ಎಂದು ಕಳಕೇಶ ಕೈಮುಗಿದ. ಅವನ ಕಣ್ಣು ತುಂಬಿದ್ದು ನೋಡಿ ಮಾಸ್ತರರು ಮತ್ತೆ ಕಪ್ಪು ಎತ್ತಿಕೊಂಡರು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಮಧುಮತಿಗೆ ಫೋನು ಹತ್ತಿತು. ಸ್ಪೀಕರಿನ ಸುತ್ತ ನಾಲ್ಕು ತಲೆ.

"ಮಧು, ಮಸ್ಕತ್ ಹುಬ್ಬಳ್ಳಿಗಿಂತ ಹತ್ರ! ಎರಡ ತಾಸ!"

"ಹೌದಬೇ, ಎರಡ!" ಎಂದ ಕಾಶೀಂಸಾಬ.

"ಕಣ್ಣ ಮುಚ್ಚಿ ತೆಗಿಯೂದ್ರಾಗ ಊರು!" ಎಂದಳು ನೀಲವ್ವ.

ಮಾಸ್ತರರು ಕಪ್ಪನ್ನೇ ನೋಡುತ್ತ, "ಎರಡ ತಾಸವ್ವಾ," ಎಂದರು.

ಆ ಕಡೆಯಿಂದ ದೊಡ್ಡ ಉಸಿರು ಕೇಳಿಸಿತು. "ಹೌದನ್ರಿ? ಬರೂಮುಂದ ನಾ ನಿದ್ದಿ ಹೊಡದಿದ್ದೆ, ಗೊತ್ತ ಆಗಿದ್ದಿಲ್ಲ. ಸಮುದ್ರದಾಚಿ ನೀವೊಬ್ಬರ ಅದೀರಿ, ಜ್ವರಗಿರ ಬಂದ್ರ ಯಾರದಾರ ಅಂತ ಅತ್ತೂ ಅತ್ತೂ ಈಗಷ್ಟ ಚೀಲ ಕಟ್ಟಿದ್ದೆ. ಇಷ್ಟು ಹತ್ರ ಇದ್ರ ಇನ್ನೇನ ಕಾಳಜಿ? ದೀಪಾವಳಿಗೇ ಬರ್ತೇನಿ ಬಿಡ್ರಿ."

"ಅಲ್ಲಲೇ, ಮೂರೂವರಿ! ಎರಡು ಸಾವಿರ ಕಿಲೋಮೀಟರ್! ಮಾಸ್ತರ್ರ, ಹೇಳ್ರಿ!"

"ಚಾಷ್ಟಿ ಮಾಡಬ್ಯಾಡ್ರಿ. ಮಾಸ್ತರ್ರು ಸುಳ್ಳು ಹೇಳ್ತಾರೇನು?" ಎಂದು ನಕ್ಕು ಮಧುಮತಿ ಫೋನಿಟ್ಟಳು.

ಕಳಕೇಶ ಮನೆಗೆ ಬಂದು ಕಂಡಿಕೆ ಸುತ್ತಲು ಒಬ್ಬನೇ ಕೂತ.

"ದೀಪಾವಳಿಗೆ ಇನ್ನ ಎಷ್ಟು ತಾಸ ಐತಿ?" ಎಂದು ಲಾಳಿಯನ್ನು ಕೇಳಿದ.