ಕಾಗದದ ವ್ಯೋಮನಂದಿಯೂ ಆನವಟ್ಟಿಯ ಹಂಡೆಯೂ

ರಷ್ಯಾದವರು ಆಕಾಶಕ್ಕೆ ನಾಯಿ ಕಳಿಸಿ ಎರಡೂವರೆ ತಿಂಗಳಾಗಿತ್ತು. ಶಿಕಾರಿಪುರದಿಂದ ಇನ್ನೂ ಒಂದು ಇಲಿಯೂ ಹೋಗಿರಲಿಲ್ಲ! ಈ ಅವಮಾನವನ್ನು ಊರಿನಲ್ಲಿ ಬೇರೆ ಯಾರೂ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಆದ್ದರಿಂದ ತಾಲ್ಲೂಕು ಕಚೇರಿಯಲ್ಲಿ ನಕ್ಷೆ ಬರೆಯುವ ಗುಮಾಸ್ತ ಪಂಚಾಕ್ಷರಪ್ಪನೆಂಬ ನಾನು ಆ ಹೊಣೆಯನ್ನು ಹೊತ್ತೆ.

ನಮ್ಮ ಮನೆಗೆ ಬರುವ ವಾರಪತ್ರಿಕೆಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಅದರ ನಾಯಕ ವಾರವಾರವೂ ‘ವ್ಯೋಮನಂದಿ’ ಎಂಬ ನೌಕೆಯೊಳಗೆ ಕೂತು ಚಂದ್ರಲೋಕಕ್ಕೆ ಹೊರಡುತ್ತಿದ್ದ, ವಾರವಾರವೂ ಏನೋ ಕೆಟ್ಟು ನಿಂತು ‘ಮುಂದುವರಿಯುವುದು’ ಆಗುತ್ತಿದ್ದ. ಜನವರಿಯ ಸಂಚಿಕೆಯೊಂದರ ನಡುಪುಟದಲ್ಲಿ ಆ ನೌಕೆಯ ಚಿತ್ರ ಕೊಟ್ಟು, ‘ಕತ್ತರಿಸಿ, ಮಡಿಸಿ, ಅಂಟಿಸಿ!’ ಎಂದು ಅಚ್ಚು ಹಾಕಿದ್ದರು. ಚೂಪು ಮೂತಿ, ಮೂತಿಯ ಕೆಳಗೆ ಮೂರು ಬಿಳಿ ಪಟ್ಟೆ, ಹೊಟ್ಟೆಗೊಂದು ದುಂಡು ಕಿಟಕಿ, ಬುಡದಲ್ಲಿ ಧಗಧಗ ಬೆಂಕಿ. ಅಂಟಿಸಿದರೆ ಒಂದು ಗೇಣು ಎತ್ತರ ಬರುತ್ತಿತ್ತು.

ಗೇಣುದ್ದದ್ದು ಮಾಡಲು ನಾನೇನು ಗೇಣುದ್ದದ ಮನುಷ್ಯನೇ? ಸಣ್ಣ ನಕ್ಷೆಯ ಮೇಲೆ ಚೌಕ ಎಳೆದು ದೊಡ್ಡ ನಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು. ಊರಿಗೆ ಊರನ್ನೇ ಹಿಗ್ಗಿಸಿದವನಿಗೆ ಈ ನೌಕೆ ಯಾವ ಲೆಕ್ಕ! ಗಣರಾಜ್ಯೋತ್ಸವದ ದಿನ ಹೈಸ್ಕೂಲು ಮೈದಾನದ ವಸ್ತುಪ್ರದರ್ಶನದಲ್ಲಿ ಆರಡಿ ಎತ್ತರದ ವ್ಯೋಮನಂದಿಯನ್ನು ನಿಲ್ಲಿಸಿಯೇ ಸೈ ಎಂದು ಶಪಥ ಮಾಡಿದೆ.

ನಿಜ ಹೇಳಿಬಿಡುತ್ತೇನೆ. ನನ್ನ ಹಟ ರಷ್ಯಾದವರ ಮೇಲಲ್ಲ, ನಮ್ಮ ಅತ್ತೆ ಮಹಾದೇವಮ್ಮನವರ ಮೇಲೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರ ಬಾಯಿಂದ ಒಂದು ಶಹಬ್ಬಾಸ್ ನನಗೆ ದಕ್ಕಿರಲಿಲ್ಲ. ಒಮ್ಮೆ ನಾನು ಗೋಡೆಗೆ ಮೊಳೆ ಹೊಡೆದಾಗ ಮೊಳೆ ನೆಟ್ಟಗೆ ನಿಂತಿತು, ಗೋಡೆಯ ಗಾರೆ ಮಾತ್ರ ಕೆಳಗೆ ಬಂತು. ಇನ್ನೊಮ್ಮೆ ನಾನು ಕೈಯಾರೆ ಮಾಡಿದ ಮಣೆಯ ಮೇಲೆ ಅವರೇ ಕೂತರು. ಆಮೇಲಿನದು ಬೇಡ ಬಿಡಿ. ಅಂದಿನಿಂದ ಅವರದು ಒಂದೇ ತೀರ್ಪು: “ಅಳಿಯಂದ್ರ ಕೈ ತುತ್ತು ಎತ್ತಕ್ಕೆ ಮಾತ್ರ ಸೈ.”

ಆಗ ಅವರು ಮಂಡಿನೋವಿನ ಔಷಧಿಗೆಂದು ನಮ್ಮ ಮನೆಯಲ್ಲೇ ಇದ್ದರು. ಸಾಲದ್ದಕ್ಕೆ ನೆಗಡಿಯಾಗಿ ಮೂರು ದಿನದಿಂದ ದನಿ ಬಿದ್ದು, ಒಳಕೋಣೆಯಲ್ಲಿ ಮಲಗಿದ್ದರು. ಅವರ ದನಿ ನಮ್ಮ ಬೀದಿಗೆ ಗಡಿಯಾರವಿದ್ದಂತೆ. ಅದು ನಿಂತದ್ದು ಬೀದಿಗೆಲ್ಲ ಗೊತ್ತಾಗಿತ್ತು.

ಅತ್ತೆಗೆ ಒಬ್ಬನೇ ತಮ್ಮ, ಆನವಟ್ಟಿಯ ವೀರಬಸಪ್ಪ. ತಾಯಿ ತೀರಿದ ಮೇಲೆ ಒಂದು ತಾಮ್ರದ ಹಂಡೆಯ ಸಲುವಾಗಿ ಅಕ್ಕತಮ್ಮಂದಿರಿಗೆ ಮಾತು ಬಿಟ್ಟು ಆರು ವರ್ಷವಾಗಿತ್ತು. “ಆ ಹಂಡೆ ತಲೆ ಮ್ಯಾಲೆ ಹೊತ್ಕಂಡು ಬಂದು ನನ್ನ ಮುಂದೆ ಇಳಿಸೋ ತನಕ ಅವನ ಮುಖ ನೋಡಲ್ಲ” ಎಂಬುದು ಅತ್ತೆಯ ಶಪಥ. ನಮ್ಮದು ಶಪಥಗಳ ಮನೆತನ ನೋಡಿ!

ಸರಿ, ಸಿಮೆಂಟ್ ಚೀಲದ ಕಾಗದ ತಂದೆ. ಮೈದಾ ಅಂಟು ಕುದಿಸಿ, ಹುಳ ತಿನ್ನದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದೆ. ಕತ್ತರಿಸಿ, ಅಂಟಿಸಿ ನಿಲ್ಲಿಸಿದೆ. ಆರಡಿಯ ಕಾಗದ ತನ್ನ ಕಾಲ ಮೇಲೆ ತಾನು ನಿಲ್ಲುವುದಿಲ್ಲವೆಂಬ ವೈಜ್ಞಾನಿಕ ಸತ್ಯವನ್ನು ಕಂಡುಹಿಡಿದೆ! ವ್ಯೋಮನಂದಿ ಸೊಂಟ ಮುರಿದು ನನ್ನ ಮೇಲೆಯೇ ಮಲಗಿತು.

ನನ್ನ ಹೆಂಡತಿ ನೀಲಾಂಬಿಕ ಅಡಿಗೆಮನೆಯಿಂದ ಬಂದು ನೋಡಿದಳು.

“ರೀ, ಒಳಗೆ ಇರೋದು ನೀವೇನಾ?”

“ನಾನೇ ಕಣೇ. ಮೊದ್ಲು ಎತ್ತು!”

ಪ್ರದರ್ಶನಕ್ಕೆ ಉಳಿದದ್ದು ಒಂದೇ ದಿನ. ಶನಿವಾರ ಮಧ್ಯಾಹ್ನ ಸಿಕಂದರ್ ಸಾಹೇಬರ ಬಾಗಿಲಿಗೆ ಓಡಿದೆ. ಬಿದಿರಿನ ದಬ್ಬೆ, ಬಣ್ಣದ ಕಾಗದದ ಕೆಲಸದಲ್ಲಿ ಊರಿಗೆಲ್ಲ ಅವರೇ ದೊಡ್ಡ ಕೈ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಜನ ಹೋಗುವುದು ಅಲ್ಲಿಗೇ.

“ಬಿದಿರಿನ ಚೌಕಟ್ಟು ಬೇಕು ಸಾಹೇಬ್ರೆ, ತುಂಬ ಅರ್ಜೆಂಟು. ಆರಡಿ ಎತ್ತರ. ಒಳಗೆ ಒಬ್ಬರು ಕೂರೋ ಹಾಗಿರ್ಬೇಕು.”

ಇದು ನನ್ನ ಮೊದಲ ಮಾರ್ಪಾಡು. ಕಥೆಯಲ್ಲಿ ನಾಯಕ ಕೂರುತ್ತಾನಲ್ಲ, ಪ್ರದರ್ಶನದಲ್ಲಿ ಜನವೂ ಕೂತು ನೋಡಲಿ ಎಂದು.

ಸಾಹೇಬರು ಕೈಯಲ್ಲಿದ್ದ ಮಚ್ಚು ಕೆಳಗಿಟ್ಟರು. “ಕೂರೋರು ದಪ್ಪನಾ, ಸಣ್ಣನಾ?”

“ದಪ್ಪ ಅಂತ್ಲೇ ಇಟ್ಕಳ್ಳಿ. ಮೊದ್ಲು ನಮ್ಮತ್ತೇನೇ ಕೂರ್ಸೋದು ಅಂತಿದೀನಿ.”

ಅವರು ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದರು. “ಎಷ್ಟೊತ್ತಿಗೆ ಹೊರಡೋದು?”

“ನಾಳೆ ಬೆಳಿಗ್ಗೆ ಹತ್ತಕ್ಕೆ. ಕೂಲಿ ಎಷ್ಟು?”

“ಛೆ ಛೆ! ಇಂಥಾ ಕೆಲ್ಸಕ್ಕೆ ನಾನು ಬಾಯಿಬಿಟ್ಟು ಕೇಳಲ್ಲ ಅಪ್ಪಾರೆ. ನೀವು ಧೈರ್ಯವಾಗಿರಿ.”

ವಿಜ್ಞಾನದ ಮೇಲೆ ಈ ಮನುಷ್ಯನಿಗೆ ಎಂಥ ಗೌರವ!

ಸಾಯಂಕಾಲದೊಳಗೆ ಅವರೇ ಬಂದು ಹಿತ್ತಲಿನಲ್ಲಿ ಚೌಕಟ್ಟು ಕಟ್ಟಿಕೊಟ್ಟರು. ಒಳಗೊಂದು ಹಲಗೆ ಕೂರಿಸಿದರು. ನಾನು ಕೇಳದಿದ್ದರೂ ಬುಡಕ್ಕೆ ಎರಡು ಉದ್ದನೆಯ ಬಿದಿರು ಬಿಗಿದು, “ನಾಲ್ಕು ಜನ ಹೊರಾಕೆ ಬೇಕಲ್ಲ” ಎಂದರು. ಎಷ್ಟು ಮುಂದಾಲೋಚನೆ! ಹೋಗುವಾಗ ನನ್ನ ಭುಜ ತಟ್ಟಿ, ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆದರು. ಯಾಕೆಂದು ಆಗ ತಿಳಿಯಲಿಲ್ಲ.

ನಾನೂ ನೀಲಾಂಬಿಕಳೂ ಕೂತು ಬಣ್ಣದ ಕಾಗದ ಅಂಟಿಸಿದೆವು. ಮೂರು ಬಿಳಿ ಪಟ್ಟೆಗೆ ಸುಣ್ಣ ಬಳಿದರೆ ಕಾಗದ ನೆನೆದು ಹರಿಯಿತು. ದೇವರ ಗೂಡಿನ ವಿಭೂತಿ ಗಟ್ಟಿಯನ್ನು ತೇಯ್ದು ಬಳಿದೆ, ಫಳಫಳ ಹೊಳೆಯಿತು. ಬುಡದ ಬೆಂಕಿಗೆ ಕೆಂಪು ಕಾಗದ ಸಪ್ಪೆಯಾಗಿ ಕಂಡಿತು. ಹಿತ್ತಲಿನ ಚೆಂಡುಹೂವನ್ನೆಲ್ಲ ಕಿತ್ತು ಮಾಲೆ ಮಾಡಿ ಸುತ್ತಲೂ ಇಳಿಬಿಟ್ಟೆ. ಗಾಳಿಗೆ ವಾಲದಿರಲೆಂದು ಎರಡೂ ಪಕ್ಕಕ್ಕೆ ಬಾಳೆಕಂದು ಕಟ್ಟಿದೆ. ಒಂದೊಂದು ಮಾರ್ಪಾಡಿಗೂ ನೌಕೆಯ ಗಾಂಭೀರ್ಯ ಹೆಚ್ಚುತ್ತ ಹೋಯಿತು.

ನೀಲಾಂಬಿಕ ದೂರ ನಿಂತು ನೋಡಿದಳು. ತಲೆ ಓರೆ ಮಾಡಿ ನೋಡಿದಳು.

“ರೀ, ಇದನ್ನ ನೋಡಿದ್ರೆ ನಂಗೆ ಏನೋ ಗ್ಯಾಪ್ಕ ಬರ್ತೈತೆ. ಏನು ಅಂತ ಹೊಳೀವಲ್ದು.”

“ರಾಕೆಟ್ಟು ಕಣೇ!”

“ನಾನು ರಾಕೆಟ್ಟು ಎಲ್ಲಿ ನೋಡೀನಿ? ಇದನ್ನ ಎಲ್ಲೋ ನೋಡೀನಿ.”

ಹೆಂಗಸರ ಮಾತಿಗೆ ಕಿವಿಗೊಟ್ಟರೆ ವಿಜ್ಞಾನ ಮುಂದುವರಿಯುವುದುಂಟೇ?

ಭಾನುವಾರ ಬೆಳಕು ಹರಿಯುತ್ತಲೂ ಅಂಟು ಒಣಗಲೆಂದು ವ್ಯೋಮನಂದಿಯನ್ನು ಬೀದಿ ಜಗಲಿಯ ಮೇಲೆ ತಂದಿಟ್ಟು ಸ್ನಾನಕ್ಕೆ ಹೋದೆ. ತಲೆಗೆ ನೀರು ಹಾಕಿಕೊಂಡು ಒದ್ದೆ ಟವೆಲಿನಲ್ಲಿ ಹೊರಗೆ ಬಂದರೆ ಬೀದಿ ತುಂಬ ಜನ! ಎಲ್ಲರ ಕೈಯಲ್ಲಿ ಹಾರಗಳು. ಮೂಲೆಯಲ್ಲಿ ಭಜನೆಯವರು ಹಾರ್ಮೋನಿಯಂ ಇಳಿಸುತ್ತಿದ್ದರು.

ನನ್ನ ಕೀರ್ತಿ ಪ್ರದರ್ಶನಕ್ಕಿಂತ ಮೊದಲೇ ಹಬ್ಬಿತೆಂದು ಎರಡೂ ಕೈ ಜೋಡಿಸಿ ನಕ್ಕೆ. ಯಾರೂ ನಗಲಿಲ್ಲ. ಹಿರಿಯರೊಬ್ಬರು, “ಪಾಪ, ತಡ್ಕಳಾಕೆ ಆಗಿಲ್ಲ” ಎಂದು ಮುಖ ತಿರುಗಿಸಿದರು.

ಅಷ್ಟರಲ್ಲಿ ಎದುರುಮನೆಯ ಸರ್ವಮಂಗಳಮ್ಮ ಓಡಿಬಂದು ನೀಲಾಂಬಿಕಳನ್ನು ತಬ್ಬಿಕೊಂಡು ದನಿ ತೆಗೆದರು. “ಮೊನ್ನೆ ನನ್ನ ಕೈಯಾಗಿನ ಮೆಣಸಿನ ಸಾರು ಕುಡಿದಿದ್ರಲ್ಲೇ ತಂಗೀ! ಉಪ್ಪು ಕಡಿಮೆ ಅಂತ ಕೈಸನ್ನೆಯಾಗೇ ಬೈದಿದ್ರಲ್ಲೇ!”

ನೀಲಾಂಬಿಕಳೂ ಹೋ ಎಂದು ಅತ್ತಳು. ಚೆನ್ನಾಗಿ ಅತ್ತು ಮುಗಿಸಿ, ಮೂಗು ಒರೆಸಿಕೊಂಡು, “ಯಾರು ಹೋಗಿದ್ದು ಅಕ್ಕಾ?” ಎಂದಳು.

“ಯಾರು ಅಂದ್ರೆ? ನಿಮ್ಮವ್ವ!”

ನೀಲಾಂಬಿಕ ಜಗಲಿಯ ಕಡೆ ನೋಡಿದಳು. ಹೊಳೆಯದೇ ಇದ್ದದ್ದು ಹೊಳೆಯಿತು.

ನನಗೂ ಹೊಳೆಯಿತು. ನಮ್ಮ ಲಿಂಗವಂತರಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸಿ ಒಯ್ಯುವುದಿಲ್ಲ. ಬಿದಿರು ಕಟ್ಟಿ, ಬಣ್ಣದ ಕಾಗದ, ಬಾಳೆಕಂದು, ಹೂವಿನಿಂದ ಸಿಂಗರಿಸಿದ ಗೋಪುರದಂಥ ವಿಮಾನದೊಳಗೆ ಕೂರಿಸಿ, ನಾಲ್ಕು ಜನ ಹೆಗಲು ಕೊಟ್ಟು, ಭಜನೆಯೊಂದಿಗೆ ಕಳಿಸಿಕೊಡುತ್ತೇವೆ. ಇಂಥದ್ದನ್ನು ಹುಟ್ಟಿದಾಗಿನಿಂದ ನೂರು ಸಲ ನೋಡಿದ ನಾನು, ಒಂದೊಂದೇ ಮಾರ್ಪಾಡು ಮಾಡುತ್ತ ರಷ್ಯಾ ದಾರಿಯಲ್ಲಿ ಹೊರಟು ಅಲ್ಲಿಗೇ ಬಂದು ತಲುಪಿದ್ದೆ! ಮೇಲೆ ವಿಭೂತಿ ಪಟ್ಟೆ ಬೇರೆ!

“ಯಾರೂ ಸತ್ತಿಲ್ಲ!” ಎಂದು ಕೂಗಿದೆ. “ಇದು ಪ್ರದರ್ಶನಕ್ಕೆ ಮಾಡಿದ್ದು! ಇದು ಚಂದ್ರಲೋಕಕ್ಕೆ ಹೋಗೋದು!”

“ಶಿವಲೋಕ ಅನ್ನಿ ಗುಮಾಸ್ತ್ರೇ,” ಎಂದು ಆ ಹಿರಿಯರು ಮೆತ್ತಗೆ ತಿದ್ದಿದರು. “ಕೂತ್ಕಳಿ. ಯಾರಾದ್ರೂ ಇವರಿಗೆ ಒಂದು ಲೋಟ ನೀರು ಕೊಡ್ರಪ್ಪಾ.”

ನಾನು ಎಷ್ಟು ಕೂಗಿದೆನೋ ಅಷ್ಟೂ ನನ್ನ ದುಃಖದ ಲೆಕ್ಕಕ್ಕೆ ಹೋಯಿತು. ಒಳಗೆ ಓಡಿ ಅತ್ತೆಯನ್ನೇ ಕರೆತರೋಣವೆಂದರೆ ಇಬ್ಬರು ನನ್ನ ರಟ್ಟೆ ಹಿಡಿದು ಕೂರಿಸಿದರು. ನೀಲಾಂಬಿಕಳನ್ನು ತಬ್ಬಿದ ಕೈಯನ್ನು ಸರ್ವಮಂಗಳಮ್ಮ ಸಡಿಲಿಸಲೇ ಇಲ್ಲ. ಆಗಲೇ ಬೀದಿಯ ತುದಿಯಲ್ಲಿ ಒಂದು ತಾಮ್ರದ ಹಂಡೆ ಕಾಣಿಸಿತು. ಅದರ ಕೆಳಗೆ ವೀರಬಸಪ್ಪ!

ಸಿಕಂದರ್ ಸಾಹೇಬರು ಶನಿವಾರ ಸಂಜೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಆನವಟ್ಟಿಗೆ ಸುದ್ದಿ ಕಳಿಸಿದ್ದರು. ಬೆಳಗಿನ ಮೊದಲ ಬಸ್ಸಿಗೆ ಹಂಡೆಯನ್ನು ಹೊತ್ತೇ ಬಂದಿದ್ದ ನೀಲಾಂಬಿಕಳ ಈ ಸೋದರಮಾವ, ಜಗಲಿಯ ಮುಂದೆ ಅದನ್ನು ಇಳಿಸಿ ಎದೆ ಬಡಿದುಕೊಂಡರು.

“ಯಕ್ಕಾ! ಹಂಡೆ ತಂದೀನಿ ಕಣಕ್ಕಾ! ಇದ್ರಾಗೇ ನೀರು ಕಾಸಿ ನಿನ್ನ ಮೈ ತೊಳೀಲಿ! ಒಂದು ಹಂಡೆ ಸಲುವಾಗಿ ಆರು ವರ್ಷ ನಿನ್ನ ಮುಖ ನೋಡ್ಲಿಲ್ಲ ನಾನು ಪಾಪಿ!”

ಆ ಅಳು ನಾಟಕದ್ದಲ್ಲ. ಐವತ್ತು ದಾಟಿದ ಗಂಡಸು ಬೀದಿಯ ಮಣ್ಣಿನಲ್ಲಿ ಕೂತು ಮಗುವಿನಂತೆ ಅತ್ತದ್ದು ನೋಡಿ, ಅತ್ತೆ ಬದುಕಿದ್ದಾರೆಂದು ಗೊತ್ತಿದ್ದ ನಾನೂ ಅತ್ತೆ!

“ಹಂಡೆ ಒಂದೇ ಅಲ್ಲ ಯಕ್ಕಾ,” ಮಾವ ಬಿಕ್ಕಿದರು. “ಅವ್ವನ ದೊಡ್ಡ ಬೋಗುಣಿ ನಾನೇ ಬಚ್ಚಿಟ್ಟಿದ್ದೆ. ಕಂಚಿನ ಗಂಗಾಳನೂ ನಾನೇ. ಎಲ್ಲಾ ನಿಂದೇ ಕಣಕ್ಕಾ, ಎಲ್ಲಾ ನಿಂದೇ!”

ಒಳಕೋಣೆಯ ಕಿಟಕಿಯಿಂದ, ಮೂರು ದಿನದಿಂದ ಬಿದ್ದಿದ್ದ ದನಿಯೊಂದು ಗೊರಗೊರನೆ ಎದ್ದಿತು.

“ಬೋರಮಾಳ ಸರ ಯಾಕೆ ಬಿಟ್ಟೆ? ಅದನ್ನೂ ಹೇಳೋ!”

ಅರ್ಧ ಬೀದಿ ಓಡಿತು. ಭಜನೆಯವರು ಹಾರ್ಮೋನಿಯಂ ಬಿಟ್ಟು ಓಡಿದರು. ಸರ್ವಮಂಗಳಮ್ಮ ಓಡಲಾರದೆ ನನ್ನ ಹಿಂದೆ ಅಡಗಿದರು. ಕೋಲೂರಿಕೊಂಡು ಬಾಗಿಲಿಗೆ ಬಂದ ಅತ್ತೆ ಯಾರನ್ನೂ ನೋಡಲಿಲ್ಲ, ಹಂಡೆಯನ್ನು ನೋಡಿದರು. ಬಗ್ಗಿ ಬೆರಳಿನಿಂದ ಟಣ್ ಎನ್ನಿಸಿದರು.

“ತಳ ಸೊಟ್ಟ ಮಾಡೀಯಲ್ಲೋ ಬಸಣ್ಣಾ.”

“ಬಸ್ಸಿನಾಗೆ ಆತಕ್ಕಾ,” ಎಂದರು ಮಾವ. ಅಕ್ಕನ ಕಾಲು ಹಿಡಿದುಕೊಂಡು ನಗುತ್ತ ಅತ್ತರು, ಅಳುತ್ತ ನಕ್ಕರು.

ಜನ ಒಬ್ಬೊಬ್ಬರಾಗಿ ಮರಳಿದರು. ಹಾರಗಳೆಲ್ಲ ವ್ಯರ್ಥವಾಗಬಾರದೆಂದು ಧ್ವಜಾರೋಹಣಕ್ಕೆ ಹೋದವು. ಸಿಕಂದರ್ ಸಾಹೇಬರು ಅತ್ತೆಯ ಮುಂದೆ ಕಿವಿ ಹಿಡಿದುಕೊಂಡು, “ತಪ್ಪಾಯ್ತು ಅಮ್ಮಾರೆ, ನೂರು ವರ್ಷ ಬಾಳಿ” ಎಂದರು. ಬಂದವರಿಗೆಲ್ಲ ನೀಲಾಂಬಿಕ ಉಪ್ಪಿಟ್ಟು ಮಾಡಿದಳು. ಪ್ರತಿ ತಟ್ಟೆ ಕೊಡುವಾಗಲೂ ನನ್ನ ಕಡೆ ಒಂದು ನೋಟ ಬಡಿಸಿದಳು.

ಹತ್ತು ಗಂಟೆಗೆ ನಾನು ಆಸೆ ಬಿಡದೆ, “ಮೈದಾನಕ್ಕೆ ಹೊರೋಣವೇನ್ರಪ್ಪಾ?” ಎಂದೆ.

ಹೊರಲು ಬಂದಿದ್ದ ನಾಲ್ವರೂ ಟವೆಲು ಕೊಡವಿ ಎದ್ದರು. “ತುಂಬಿದ್ದಿದ್ರೆ ಹೊರ್ತಿದ್ವಿ ಗುಮಾಸ್ತ್ರೇ. ಖಾಲಿ ಹೊರಾದು ಶಾಸ್ತ್ರ ಅಲ್ಲ.”

ಅಲ್ಲಿಗೆ ಮುಗಿಯಿತು. ಆ ವರ್ಷ ಬಹುಮಾನ ಯಾರದೋ ಕುಂಬಳಕಾಯಿಗೆ ಹೋಯಿತು.

ಸಂಜೆ ಒಳಗಿನಿಂದ ಅಕ್ಕತಮ್ಮಂದಿರ ನಗು ಕೇಳುತ್ತಿತ್ತು. ಕೇಳಲು ಹಿತವಾಗಿಯೇ ಇತ್ತು. ಆದರೆ ಬೀದಿಯಲ್ಲಿ ಹೋಗುವವರೆಲ್ಲ ಜಗಲಿಯ ಕಡೆ ನೋಡಿ ಕೈ ಮುಗಿದು ಹೋಗುತ್ತಿದ್ದುದು ಸಹಿಸಲಾಗಲಿಲ್ಲ. ಹರಿದು ಒಲೆಗೆ ಹಾಕೋಣವೆಂದು ಕತ್ತರಿ ತಂದೆ.

“ತಡೀರಿ ಅಳಿಯಂದ್ರೇ.”

ಅತ್ತೆ! ಹಂಡೆಯಲ್ಲಿ ಕಾಸಿದ ನೀರಿನಲ್ಲಿ ಮಿಂದು ಬಂದಿದ್ದರು, ಮುಖ ಕೆಂಪಾಗಿತ್ತು. ವ್ಯೋಮನಂದಿಯನ್ನು ಒಂದು ಸುತ್ತು ಹಾಕಿದರು. ಬಿದಿರು ಅಲುಗಾಡಿಸಿದರು, ಅಂಟು ಕೆರೆದು ನೋಡಿದರು. ಆಮೇಲೆ ನೀಲಾಂಬಿಕ ಬೇಡ ಬೇಡವೆನ್ನುತ್ತಿದ್ದರೂ ಒಳಗೆ ಹೋಗಿ ಹಲಗೆಯ ಮೇಲೆ ಕೂತೇಬಿಟ್ಟರು. ನಾನು ಆ ಹಳೆಯ ಮಣೆಯನ್ನು ನೆನೆದು ಕಣ್ಣು ಮುಚ್ಚಿದೆ. ಏನೂ ಮುರಿಯಲಿಲ್ಲ!

“ಒಂಬತ್ತು ವರ್ಷಕ್ಕೆ,” ಒಳಗಿನಿಂದ ಅತ್ತೆಯ ದನಿ ಬಂತು, “ನಿಮ್ಮ ಕೈಯಾಗೆ ಒಂದು ಉಪಯೋಗದ ಸಾಮಾನು ಆತು. ಶಹಬ್ಬಾಸ್!”

ನನ್ನ ಕಣ್ಣು ತುಂಬಿ ಬಂತು.

“ಹರೀಬ್ಯಾಡಿ. ಜೋಪಾನವಾಗಿ ಅಟ್ಟದ ಮ್ಯಾಲೆ ಇಡಿ. ನನ್ನ ಹೊತ್ತು ಬಂದಾಗ ಇದ್ರಾಗೇ ಕಳ್ಸಿ.”

“ಅತ್ತೆ, ಹಂಗೆಲ್ಲ ಅನ್ಬೇಡಿ...”

“ಸುಮ್ನಿರಿ. ಒಂದು ಮಾತ್ರ ತಿದ್ದಬೇಕು.” ದುಂಡು ಕಿಟಕಿಯಲ್ಲಿ ಅವರ ಒಂದು ಕಣ್ಣು ಮಾತ್ರ ಕಾಣಿಸಿತು. “ಈ ಕಿಟಕಿ ಸಣ್ಣದಾತು, ಇನ್ನೊಂದು ಗೇಣು ಅಗಲ ಮಾಡಿ. ಹೋಗೋವಾಗ ಯಾರ್ಯಾರು ಅತ್ರು, ಯಾರ್ಯಾರು ಸುಮ್ನೆ ನಿಂತ್ರು ಅಂತ ನಾನು ನೋಡ್ಬೇಕು.”

ಆ ಕಣ್ಣು ನನ್ನ ಮೇಲೇ ನೆಟ್ಟಿತ್ತು. ಕತ್ತರಿ ಹೇಗೂ ಕೈಯಲ್ಲೇ ಇತ್ತು. ಕಿಟಕಿ ಅಗಲ ಮಾಡಿದೆ.