ಅಳಿಯನಿಗೊಂದು ಇಂಗ್ಲಿಷ್ ಕ್ಷಮೆ

ಎರಡು ವರ್ಷಗಳ ಮೇಲೆ ಮಗಳ ಫೋನು ಬಂದಾಗ, ಮೆಕ್ಯಾನಿಕ್ ಹೊಲಿಗೆ ಯಂತ್ರದ ಹೊಟ್ಟೆಗೆ ಕೈ ಹಾಕಿ ಸಿಕ್ಕಿಕೊಂಡ ದಾರ ಎಳೆಯುತ್ತಿದ್ದರು.

"ಸಂಜೆ ಬಾಪ್ಪಾ, ಮಗು ನೋಡು. ಆದ್ರೆ ಮೊದಲು ಬಾಗಿಲಲ್ಲೇ ಅವರ ಹತ್ರ ಕ್ಷಮೆ ಕೇಳ್ಬೇಕು. ಆಗಲ್ಲ ಅಂದ್ರೆ ಬರೋದೇ ಬೇಡ."

ಏಳು ತಿಂಗಳ ಮೊಮ್ಮಗಳ ಮುಖವನ್ನು ಮೆಕ್ಯಾನಿಕ್ ಫೋಟೋದಲ್ಲೂ ಕಂಡಿರಲಿಲ್ಲ. ಅಳಿಯ ಬೇರೆ ಭಾಷೆಯವನು. ಮದುವೆ ಮಾತಾಡಲು ಬಂದವನ ಮುಖಕ್ಕೆ ಗೇಟು ಹಾಕಿ, ಅಕ್ಕಪಕ್ಕದವರ ಕಡೆ ತಿರುಗಿ, "ಬೀದಿನಾಯಿಗಾದ್ರೂ ಅನ್ನ ಹಾಕ್ತೀನಿ, ಇವನಿಗೆ ನೀರೂ ಕೊಡಲ್ಲ" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಆ ಹುಡುಗನೂ ನಕ್ಕಿದ್ದ, ಅರ್ಥವಾಗಿಲ್ಲವೆಂದೇ ಇವರ ಎಣಿಕೆ. ಹಾಗಾಗಿ ಈಗ ಕೇಳಬೇಕಾದದ್ದು ಗೇಟಿನ ಕ್ಷಮೆಯೊಂದೇ, ಅದೂ ಇಂಗ್ಲಿಷಿನಲ್ಲಿ. ಮೆಕ್ಯಾನಿಕ್ಕರ ಇಂಗ್ಲಿಷು ಆಯಿಲ್, ಬಾಬಿನ್, ನೀಡಲ್‌ಗೆ ಮುಗಿಯುತ್ತಿತ್ತು.

ವಿಷಯ ತಿಳಿದು ಪಕ್ಕದ ಔಷಧಿ ಅಂಗಡಿಯವರು ಕಾಗದ ಹಿಡಿದು ಓಡಿಬಂದರು. "ಎಕ್ಸ್‌ಕ್ಯೂಸ್ ಅಂತ ಬರೀರಿ. ಚಿಕ್ಕದು, ಚೊಕ್ಕದು."

ಮಹಡಿ ಇಳಿದು ಬಂದ ಕೋರ್ಟ್ ಟೈಪಿಸ್ಟು ಹಣೆ ಚಚ್ಚಿಕೊಂಡರು. "ಬಸ್ಸಲ್ಲಿ ಕಾಲು ತುಳಿದ್ರೆ ಎಕ್ಸ್‌ಕ್ಯೂಸ್ ಕಣ್ರೀ. ಇದಕ್ಕೆ ಪಾರ್ಡನ್ನೇ ಆಗ್ಬೇಕು. ಗಲ್ಲಿಗೆ ಹೋಗೋನನ್ನ ಬಿಡಿಸೋ ಪದ ಅದು!"

"ನಾನೇನು ಕೊಲೆ ಮಾಡಿದ್ನಾ?"

"ಅಳಿಯನ ವಿಷಯ, ಯಾವುದಕ್ಕೂ ಇರ್ಲಿ."

ಯಂತ್ರ ಒಯ್ಯಲು ಬಂದಿದ್ದ ಟ್ಯೂಷನ್ ಟೀಚರಮ್ಮನಿಗೆ ಇದನ್ನು ಕೇಳಿ ಸುಮ್ಮನಿರಲಾಗಲಿಲ್ಲ. "ಎರಡೂ ಅಲ್ಲ. ಎಕ್ಸ್‌ಕ್ಯೂಸ್ ಸಣ್ಣಪುಟ್ಟದಕ್ಕೆ. ಪಾರ್ಡನ್ ಅಧಿಕಾರ ಇರೋರು ಕೊಡೋದು. ಫರ್ಗಿವ್ ಮಾತ್ರ ನೊಂದೋರ ಮನಸ್ಸಿಂದ ಬರ್ಬೇಕು. ನೀವು ಮಾಡಿದ್ದು ಎಷ್ಟು ದೊಡ್ಡ ತಪ್ಪು, ಮೊದಲು ಅದನ್ನ ಹೇಳಿ."

ಮೆಕ್ಯಾನಿಕ್ ಯಂತ್ರದ ಕಡೆ ತಿರುಗಿದರು. "ಗೇಟು ಹಾಕಿದ್ದು. ಅಷ್ಟೇ."

ಅಂದು ನಕ್ಕವರಲ್ಲಿ ಔಷಧಿ ಅಂಗಡಿಯವರೂ ಟೈಪಿಸ್ಟೂ ಇದ್ದರು. ಇಬ್ಬರೂ ಗೇಟಷ್ಟೇ ಎಂದು ತಲೆಯಾಡಿಸಿದರು. ಮತ್ತೆ ಜಗಳ ಹತ್ತಿ ಅಂಗಡಿ ಸಂತೆಯಾಯಿತು. ನಾಲ್ಕು ಕಾಗದ ಹರಿದವು, ಎಣ್ಣೆ ಡಬ್ಬಿ ಉರುಳಿ ಇದ್ದೊಂದು ಒಳ್ಳೆಯ ಅಂಗಿ ಹಾಳಾಯಿತು. ಕೊನೆಗೆ ಟೀಚರಮ್ಮನ ದನಿ ದೊಡ್ಡದಾದ್ದರಿಂದ ಫರ್ಗಿವ್ ಗೆದ್ದಿತು.

ಬಸ್ಸಿನುದ್ದಕ್ಕೂ ಮೆಕ್ಯಾನಿಕ್ ಆ ಪದವನ್ನು ಮಗ್ಗಿಯಂತೆ ಉರುಹೊಡೆದರು. ಮಗು ಮಗಳ ಹಾಗಿರಬಹುದೇ ಎಂದು ನೆನೆದಾಗೆಲ್ಲ ಪದ ಮರೆತುಹೋಗುತ್ತಿತ್ತು, ಕಣ್ಣು ತುಂಬುತ್ತಿತ್ತು.

ಬಾಗಿಲು ತೆರೆದವನು ಅಳಿಯನೇ. ಎರಡೂ ಕೈಯಲ್ಲಿ ಕಾಗದ ನೀಡಿ, "ಫರ್ಗಿವ್..." ಅನ್ನುವಷ್ಟರಲ್ಲಿ ಮೆಕ್ಯಾನಿಕ್ಕರಿಗೆ ಮುಂದಿನದು ಮರೆತುಹೋಯಿತು.

ಅಳಿಯ ನಿಧಾನವಾಗಿ ಓದಿದ. "ಕನ್ನಡದಲ್ಲೇ ಹೇಳಬಹುದಿತ್ತಲ್ಲ, ಮಾವ."

"ನಿ... ನಿಮಗೆ ಕನ್ನಡ ಬರುತ್ತಾ?"

"ಚಿಕ್ಕಂದಿನಿಂದ. ಪಕ್ಕದ ಮನೆಯೋರು ಕನ್ನಡದೋರೇ. ನೀವು ಒಂದ್ಸಲಾನೂ ಮಾತಾಡಿಸ್ಲಿಲ್ಲ."

ಅಳಿಯನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಗೇಟಿನ ವಿಷಯ ನಾನು ಯಾವತ್ತೋ ಮರೆತೆ," ಅಂದ. ಕಾಗದ ಮಗುಚಿ ಹಿಂಬದಿ ನೋಡಿದ. "ಆ ಇನ್ನೊಂದು ಮಾತಿಗೆ ಏನೂ ಬರೆದೇ ಇಲ್ವಲ್ಲ?"

ಒಳಗೆಲ್ಲೋ ಮಗು ಕೇಕೆ ಹಾಕಿತು. ಮೆಕ್ಯಾನಿಕ್ ಬಾಯಿ ತೆರೆದರು. ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲಿ ಒಂದು ಪದವೂ ಸಿಗಲಿಲ್ಲ. ಅಳಿಯ ಬಾಗಿಲು ಹಿಡಿದುಕೊಂಡು ಕಾಯುತ್ತ ನಿಂತಿದ್ದ.